ಹುಲುಗಪ್ಪನ ಕಾರಿನ ಎಣ್ಣೆ ಮಜ್ಜನ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರಿನ ಲಾರಿಗಳನ್ನು ತೂಗುವ ವೇ-ಬ್ರಿಡ್ಜ್ ಒಂದಿದೆ. ಅದರ ಪಕ್ಕದ ತಗಡಿನ ಕೋಣೆಯಲ್ಲಿ, ಕೆಂಪು ಧೂಳಿಗೆ ಕುರ್ಚಿ, ಕಿಟಕಿ, ಕ್ಯಾಲೆಂಡರಿನ ದೇವರು ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿರುವಲ್ಲಿ, ಹುಲುಗಪ್ಪ ವರ್ಷಗಟ್ಟಲೆಯಿಂದ ಕೂತಿದ್ದಾನೆ. ಲಾರಿ ಹಲಗೆಯ ಮೇಲೆ ಹತ್ತುತ್ತದೆ, ಹುಲುಗಪ್ಪ ಗುಂಡಿ ಒತ್ತುತ್ತಾನೆ, ಚೀಟಿ ಹೊರಗೆ ಬರುತ್ತದೆ. ಕೆಲಸ ಇಷ್ಟೇ. ಆದರೆ ಚೀಟಿ ಕೈಬಿಡುವ ಮೊದಲು ಅವನು ಕಿಟಕಿಯಿಂದ ಕಿವಿ ಹೊರಗೆ ಚಾಚಿ, ಕಣ್ಣು ಮುಚ್ಚಿ ಲಾರಿಯ ಸದ್ದು ಕೇಳುತ್ತಾನೆ. "ಗೇರ್ ಬಾಕ್ಸಿನ್ಯಾಗ ಸ್ವಲ್ಪ ಕೆಮ್ಮು ಐತಿ. ತೋರಿಸ್ಕೊಳ್ರಿ" ಎನ್ನುತ್ತಾನೆ. ಡ್ರೈವರುಗಳಿಗೆ ಚೀಟಿ ಜಲ್ದಿ ಬೇಕು. "ಖರೇ ಹೇಳಿದ್ರಿ ಡಾಕ್ಟ್ರೇ" ಎಂದು ತಲೆಯಾಡಿಸಿ ಚೀಟಿ ಕಿತ್ತುಕೊಂಡು ಹೋಗುತ್ತಾರೆ. ಹೀಗೆ ಬೇರೆಯವರು ತಲೆಯಾಡಿಸಿದ್ದರಿಂದಲೇ ಹುಲುಗಪ್ಪ ಗಾಡಿಗಳ ಡಾಕ್ಟರಾದ. ಬಾನೆಟ್ಟು ಎತ್ತಿ ಒಳಗೆ ನೋಡಿದ ಅನುಭವ ಮಾತ್ರ ಅವನಿಗೆ ಇರಲಿಲ್ಲ.

ಡಾಕ್ಟರ ಮನೆ ಮುಂದೆ ಒಂದು ಕಾರಿಲ್ಲದಿದ್ದರೆ ಹೇಗೆ? ಹೆಂಡತಿ ವಿರುಪಮ್ಮನ ತಮ್ಮ ಪಂಪೇಶ್ ಕಂಪ್ಲಿಯಲ್ಲಿ ಭತ್ತದ ದಲಾಲಿ. ಅವನು ಹೊಸ ಕಾರು ತಂದಾಗ ತನ್ನ ಹಳೇ ಡೀಸೆಲ್ ಕಾರನ್ನು ಅಕ್ಕನ ಮುಖ ನೋಡಿ, ತಾನು ಮಾವ ಎಂದು ಕರೆಯುವ ಹುಲುಗಪ್ಪನಿಗೇ ಕೊಟ್ಟ. ಹುಲುಗಪ್ಪ ಟೈರಿಗೆ ಒದ್ದ, ಬಾಗಿಲು ಧಡ್ ಎಂದು ಹಾಕಿದ, ಬಾನೆಟ್ಟಿನ ಮೇಲೆ ಕಿವಿಯಿಟ್ಟು ಆಲಿಸಿದ. "ಎದಿ ಗಟ್ಟಿ ಐತಿ. ನಡೀಲಿ" ಎಂದು ತೀರ್ಪು ಕೊಟ್ಟ. ಎಂಜಿನ್ನು ಆಗ ಬಂದ್ ಆಗಿತ್ತು.

ಮನೆಗೆ ತಂದ ದಿನವೇ ಅವನು ಆಂಜನೇಯನ ಸ್ಟಿಕ್ಕರೊಂದನ್ನು ಅಂಟಿಸಿದ. ಸ್ಟೇರಿಂಗಿನ ಹಿಂದೆ ಮುಳ್ಳುಗಳು ಓಡುವ ಗಾಜಿನ ಮೇಲೆ, ಕೀಲಿ ತಿರುವಿದಾಗೆಲ್ಲ ಒಂದು ಕೆಂಪು ದೀಪ ಹತ್ತಿ ಆರುವುದನ್ನು ಅವನು ಗಮನಿಸಿದ್ದ. ಆ ದೀಪ ಯಾಕೆ ಹತ್ತುತ್ತದೆ ಎಂದು ಯಾರನ್ನಾದರೂ ಕೇಳಬಹುದಿತ್ತು. ಡಾಕ್ಟರು ಕೇಳುವುದುಂಟೇ? ಸರಿಯಾಗಿ ಅದರ ಮೇಲೆಯೇ ಸ್ಟಿಕ್ಕರು ಬಡಿದ. ಅಂದಿನಿಂದ ಕೀಲಿ ತಿರುವಿದ ಕೂಡಲೇ ಆಂಜನೇಯ ಕೆಂಪಗೆ ಹೊಳೆದು, ಎಂಜಿನ್ನು ಶುರುವಾದ ಮೇಲೆ ಶಾಂತನಾಗುತ್ತಿದ್ದ. "ದರ್ಶನ ಕೊಟ್ಟೇ ಹೊಂಡತಾನ ನೋಡ್ರಿ" ಎಂದು ಹುಲುಗಪ್ಪ ಓಣಿಯವರನ್ನೆಲ್ಲ ಕರೆದು ತೋರಿಸಿದ. ಕೆಲವರು ಕೈ ಮುಗಿದರು.

ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಬೆಳಿಗ್ಗೆ ಶುರು ಮಾಡಿದಾಗ ಬಾನೆಟ್ಟಿನ ಒಳಗಿಂದ 'ಕುಂಯ್ಯ್' ಎಂಬ ಸಣ್ಣ ಅಳು ಬರುತ್ತಿತ್ತು. ಎದುರು ಮನೆಯ ರೇಣುಕಮ್ಮ ಟೀಚರ್ ರಿಟೈರಾಗಿದ್ದರೂ ಅವರ ನಾಲಗೆ ಇನ್ನೂ ಡ್ಯೂಟಿಯಲ್ಲಿತ್ತು. ಹಾಲಿನ ಪ್ಯಾಕೆಟ್ಟು ಹಿಡಿದು ಗೇಟಿಗೆ ಬಂದವರು, "ಯಾಕ್ರಿ ಹುಲುಗಪ್ಪ, ನಿಮ್ಮ ಕಾರು ಅಳಾಕತ್ತೈತಲ್ಲ? ಕಂಪ್ಲಿ ನೆನಪಾತೇನು ಅದಕ್ಕ? ಒಂದೆರಡು ದಿನ ತವರುಮನಿಗೆ ಕಳಿಸ್ರಿ" ಎಂದರು. ಓಣಿ ನಕ್ಕಿತು.

ಸದ್ದಿನ ವಿಷಯದಲ್ಲಿ ಹುಲುಗಪ್ಪನದು ಒಂದೇ ಶಾಸ್ತ್ರ. ಯಾವುದು ಕಿರುಗುಟ್ಟಿದರೂ ಅದು ಯಾಕೆ ಎಂದು ಅವನು ವಿಚಾರಿಸುವುದಿಲ್ಲ, ಬಾಯಿ ಮುಚ್ಚಿಸುತ್ತಾನೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ. ತೊಟ್ಟಿಲು ಕಿರುಗುಟ್ಟಿದರೆ ಎಣ್ಣೆ. ವಿರುಪಮ್ಮ ಕಿರುಗುಟ್ಟಿದರೆ ಬಸ್ ಸ್ಟ್ಯಾಂಡಿನ ಮಿರ್ಚಿ-ಮಂಡಕ್ಕಿ. ಪಾಪದ ಹೆಂಗಸು ಅಡುಗೆಮನೆಯ ನಲ್ಲಿ ಸೋರುವ ವಿಷಯ ಎತ್ತಿದಾಗೆಲ್ಲ ಅವಳ ಮುಂದೆ ಬಿಸಿ ಮಿರ್ಚಿಯ ಪೊಟ್ಟಣ ಬಂದು ಕೂರುತ್ತಿತ್ತು. ತಿನ್ನುವಾಗ ಮಾತಾಡಲಾಗದು. ನಲ್ಲಿ ಇವತ್ತಿಗೂ ಸೋರುತ್ತಿದೆ.

"ಅಳಾಕತ್ತೈತಿ ಅಂದ್ರ ಏನೋ ಆಗೈತ್ರಿ. ಭರಮಣ್ಣನ ಗ್ಯಾರೇಜಿಗೆ ತೋರಿಸ್ರಿ, ಇಲ್ಲಾಂದ್ರ ನಮ್ಮ ತಮ್ಮನ್ನ ಕೇಳ್ರಿ" ಎಂದಳು ವಿರುಪಮ್ಮ.

"ಊರ ಲಾರಿಗೆಲ್ಲ ಔಷಧ ಹೇಳಾಂವ ನಾನು. ನನ್ನ ಕಾರು ಒಯ್ದು ಭರಮಣ್ಣಗ ತೋರಿಸ್ಲೇನು?" ಎಂದು ಹುಲುಗಪ್ಪ ಹೊರಗೆ ಹೋಗಿ ಮಿರ್ಚಿ ತಂದ.

ಅಮಾವಾಸ್ಯೆ ಬಂತು. ಈ ಸೀಮೆಯಲ್ಲಿ ಅಮಾವಾಸ್ಯೆ ಎಂದರೆ ಗಾಡಿಗಳ ಹಬ್ಬ. ಲಾರಿ, ಟ್ರ್ಯಾಕ್ಟರು, ಆಟೋ, ಮೊಪೆಡ್ಡು ಎಲ್ಲಕ್ಕೂ ಸ್ನಾನ, ವಿಭೂತಿ, ಚೆಂಡುಹೂವಿನ ಹಾರ, ಗಾಲಿಯಡಿ ನಿಂಬೆಹಣ್ಣು. ಹುಲುಗಪ್ಪ ಬೆಳಿಗ್ಗೆಯೇ ಆಂಜನೇಯನ ಗುಡಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ ಬಂದ. ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಕಾರು ಶುರು ಮಾಡಿಟ್ಟು ಆರತಿ ಎತ್ತುವಾಗ ಒಳಗಿಂದ ಮತ್ತೆ 'ಕುಂಯ್ಯ್' ಎಂದಿತು. ರೇಣುಕಮ್ಮ ಟೀಚರ್ ಗೇಟಿನಲ್ಲೇ ಇದ್ದರು. ಹುಲುಗಪ್ಪ ಜೀವಮಾನದಲ್ಲಿ ಮೊದಲ ಸಲ ಬಾನೆಟ್ಟು ಎತ್ತಿದ. ಒಳಗೆ ಸಣ್ಣ ಸಣ್ಣ ಚಕ್ರಗಳನ್ನು ಸುತ್ತಿಕೊಂಡು ಕಪ್ಪು ರಬ್ಬರಿನ ಬೆಲ್ಟೊಂದು ಗರಗರ ತಿರುಗುತ್ತಿತ್ತು. ಅಳು ಅಲ್ಲಿಂದಲೇ. "ಜೈ ಆಂಜನೇಯ" ಎಂದು ಉಳಿದ ಎಣ್ಣೆಯನ್ನೆಲ್ಲ ಅದರ ನೆತ್ತಿಗೆ ಸುರಿದ.

ಅಳು ಥಟ್ಟನೆ ನಿಂತಿತು.

"ಕೇಳ್ರಿ ಟೀಚರ್. ಈಗ ಅಳತೈತೇನು?"

"ಇಲ್ಲಪ್ಪ. ಮಾತೇ ಬಂದ್ ಆಗೈತಿ."

ಆ ಗೆಲುವಿನ ಗುಂಗಿನಲ್ಲೇ ಹುಲುಗಪ್ಪ, "ಹತ್ರಿ, ಹಂಪಿಗೆ ಹೋಗಿ ವಿರೂಪಾಕ್ಷನ ನೋಡ್ಕೊಂಡು ಬರೋಣು" ಎಂದು ಟೀಚರನ್ನೂ ವಿರುಪಮ್ಮನನ್ನೂ ಕೂರಿಸಿಕೊಂಡು ಹೊರಟ. ಕಮಲಾಪುರದವರೆಗೆ ಕಾರು ಸದ್ದಿಲ್ಲದೆ ಹೋಯಿತು. ಊರೊಳಗಿನ ತಿರುವಿನಲ್ಲಿ ಆಂಜನೇಯ ಇದ್ದಕ್ಕಿದ್ದಂತೆ ಕೆಂಪಗಾದ. ಹುಲುಗಪ್ಪ ಸ್ಟೇರಿಂಗ್ ತಿರುವಿದ, ಅದು ಬೀಸುಕಲ್ಲಿನಂತೆ ಭಾರವಾಗಿತ್ತು. ಬ್ರೇಕು ಒತ್ತಿದ. ಒಮ್ಮೆ ಹಿಡಿಯಿತು, ಎರಡನೇ ಸಲಕ್ಕೆ ಗೋಡೆಯನ್ನು ಒದ್ದಂತಾಯಿತು. ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿದ. ಕಾರು ತನಗೆ ತಿಳಿದ ದಾರಿಯಲ್ಲಿ ಹೋಗಿ, ಟೆಂಪೋಗೆ ಹೇರಲೆಂದು ರಸ್ತೆ ಬದಿ ಒಟ್ಟಿದ್ದ ಬಾಳೆಗೊನೆಗಳ ರಾಶಿಯ ಮೇಲೆ ಹತ್ತಿ ಕೂತಿತು.

ಜನ ಸೇರಿದರು. ಪೊಲೀಸ್ ಎರ್ರಿಯಪ್ಪನೂ ಬಂದ. ನೇರವಾಗಿ ಮಷಿನ್ನು ಹಿಡಿದು, "ಊದ್ರಿ" ಎಂದ. ಹುಲುಗಪ್ಪ ಊದಿದ. ಮಷಿನ್ನು ಏನೂ ಹೇಳಲಿಲ್ಲ. ಎರ್ರಿಯಪ್ಪನಿಗೆ ಮಷಿನ್ನಿನ ಮೇಲೆ ಅನುಮಾನ ಬಂತು. "ಇನ್ನೊಮ್ಮಿ ಊದ್ರಿ. ಕುಡೀಲಾರದ ಮನುಷ್ಯ ಬಾಳಿಗೊನಿ ಮ್ಯಾಲೆ ಯಾಕ ಕಾರು ಹತ್ತಿಸ್ತಾನ?"

"ನಂದೇನಿಲ್ಲ ಸರ್. ದೇವ್ರು ಸಿಟ್ಟಾಗ್ಯಾನ. ನೋಡ್ರಿ ಬೇಕಾದ್ರ, ಕೆಂಪಗದಾನ."

"ಅವರು ಕುಡಿಯಂಗಿಲ್ರಿ ಸಾಹೇಬ್ರ" ಎಂದು ಹಿಂದಿನ ಸೀಟಿನಿಂದ ಟೀಚರು ಸಾಕ್ಷಿ ಹೇಳಿದರು. "ಕುಡಿದಿದ್ರ ಇದಕ್ಕಿಂತ ಚೊಲೋ ಹೊಡೀತಿದ್ರು."

ಕೊನೆಗೆ ಎರ್ರಿಯಪ್ಪನೇ ಕಾರು ಹತ್ತಿದ. ಹಿಂದೆ ಮುಂದೆ ಮಾಡಿದ, ವೃತ್ತ ಸುತ್ತಿದ, ಗಕ್ಕನೆ ನಿಲ್ಲಿಸಿದ. ಅಷ್ಟರಲ್ಲಿ ಆಂಜನೇಯನ ಕೆಂಪು ಆರಿತ್ತು. ಸ್ಟೇರಿಂಗ್ ಬೆರಳಿನಲ್ಲಿ ತಿರುಗುತ್ತಿತ್ತು, ಬ್ರೇಕು ಮುಟ್ಟಿದರೆ ಹಿಡಿಯುತ್ತಿತ್ತು. "ಬೆಣ್ಣಿ ಹಂಗ ಐತಲ್ರಿ ಗಾಡಿ. ತಪ್ಪು ಗಾಡೀದಲ್ಲ" ಎಂದು ಅವನು ಹುಲುಗಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಬಾಳೆಕಾಯಿಯವರ ಬಾಯಿ ಮುಚ್ಚಿಸಲು ಮಿರ್ಚಿ ಸಾಲಲಿಲ್ಲ, ಇಡೀ ರಾಶಿಯನ್ನು ಕೊಂಡುಕೊಳ್ಳಬೇಕಾಯಿತು. ಆ ವಾರವೆಲ್ಲ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಬಾಳೆಕಾಯಿ ಪಲ್ಯ.

ಇನ್ನು ಗ್ಯಾರೇಜಿಗೆ ಹೋಗದೆ ವಿಧಿಯಿರಲಿಲ್ಲ. ಆದರೆ ಆಸ್ಪತ್ರೆಗೆ ಹೋಗುವಾಗ ಮೈ ತೊಳೆದುಕೊಂಡು ಹೋಗುವುದು ಮರ್ಯಾದಸ್ಥರ ಲಕ್ಷಣ. ಹುಲುಗಪ್ಪ ಮೊದಲು ಕಾರನ್ನು ವಾಟರ್ ಸರ್ವೀಸಿಗೆ ಒಯ್ದು, ಎಂಜಿನ್ನಿಗೂ ಸೋಪಿನ ನೀರು ಹೊಡೆಸಿ, ಆಮೇಲೆ ಭರಮಣ್ಣನ ಮುಂದೆ ನಿಲ್ಲಿಸಿದ. ಭರಮಣ್ಣ ಅದನ್ನು ಓಡಿಸಿಕೊಂಡು ಊರೆಲ್ಲ ಸುತ್ತಿ ಬಂದು, "ಏನೂ ಇಲ್ಲಲ್ರಿ" ಎಂದ. ಏನೂ ಇಲ್ಲವೆಂದು ಕಳಿಸಿದರೆ ಗ್ಯಾರೇಜು ನಡೆಯುವುದಿಲ್ಲ. ಬ್ರೇಕಿನ ಪ್ಯಾಡು ಬದಲಿಸಿದ.

ಹುಲುಗಪ್ಪ ಸಿಟ್ಟಾದ ದೇವರನ್ನು ಸಮಾಧಾನ ಮಾಡಲೆಂದು ಶನಿವಾರ ಬಾನೆಟ್ಟು ಎತ್ತಿ ಬೆಲ್ಟಿಗೆ ಮತ್ತೆ ಎಣ್ಣೆ ಹಾಕಿದ. ಈ ಸಲ ಸ್ವಲ್ಪ ಹೆಚ್ಚೇ. ರೈಲ್ವೆ ಗೇಟಿನ ಹತ್ತಿರ ಆಂಜನೇಯ ಕೆಂಪಗಾದ, ಕಾರು ಹೋಗಿ ಎಳನೀರು ಗಾಡಿಗೆ ಮುತ್ತಿಟ್ಟಿತು. ದೇವರ ಸಿಟ್ಟು ಇಳಿದಿಲ್ಲವೆಂದಾಯಿತು. ಮುಂದಿನ ಶನಿವಾರಕ್ಕೆ ಪಾವು ಎಣ್ಣೆ. ಮಂಗಳವಾರವೂ ಸೇರಿತು. ದೇವರು ಹೆಚ್ಚೆಚ್ಚು ಕೆಂಪಗಾಗುತ್ತಿದ್ದಂತೆ ಎಣ್ಣೆ ಹೆಚ್ಚುತ್ತಿತ್ತು, ಎಣ್ಣೆ ಹೆಚ್ಚುತ್ತಿದ್ದಂತೆ ದೇವರು ಕೆಂಪಗಾಗುತ್ತಿದ್ದ. ಇಂಥ ಭಕ್ತನನ್ನು ಆಂಜನೇಯ ಹಿಂದೆ ಕಂಡಿರಲಾರ.

"ಮನ್ಯಾಗ ಶೇಂಗಾ ಎಣ್ಣಿ ನಿಲ್ಲವಲ್ದು. ಒಗ್ಗರಣಿಗೂ ಇಲ್ಲ. ಎಲ್ಲಿಗೆ ಹೋಗತೈತ್ರಿ ಅದು?" ಎಂದಳು ವಿರುಪಮ್ಮ. ಹುಲುಗಪ್ಪ ಮಿರ್ಚಿ ತಂದ.

ಎರಡನೇ ಸಲವೂ ತೊಳೆಸಿಕೊಂಡು ಹೋದಾಗ ಭರಮಣ್ಣ ಬ್ರೇಕ್ ಆಯಿಲ್ ಬದಲಿಸಿದ. ಮೂರನೇ ಸಲ ಹುಲುಗಪ್ಪನಿಗೆ ಕಾರು ತೊಳೆಸಲು ಪುರುಸೊತ್ತಾಗಲಿಲ್ಲ. ಭರಮಣ್ಣ ಬಾನೆಟ್ಟು ಎತ್ತಿದವನೇ, "ಸಿಕ್ತು ನೋಡ್ರಿ! ಎಣ್ಣಿ ಸೋರಾಕತ್ತೈತಿ!" ಎಂದು ಕೂಗಿದ. ಎಲ್ಲಿಂದ ಸೋರುತ್ತಿದೆ ಎಂದು ಅವನು ಮಲಗಿ ನೋಡಿದ, ಕೂತು ನೋಡಿದ, ಟಾರ್ಚು ಹಿಡಿದು ನೋಡಿದ. ಕೆಳಗಿನಿಂದ ಮೇಲಿನವರೆಗೆ ಹುಡುಕಿದ. ಮೇಲಿನಿಂದ ಯಾರಾದರೂ ಸುರಿದಿರಬಹುದೆಂದು ಯಾವ ಮೆಕ್ಯಾನಿಕ್ ತಾನೇ ಊಹಿಸಿಯಾನು? ಬೆರಳಿಗೆ ಹತ್ತಿದ್ದನ್ನು ಮೂಸಿ ಹುಬ್ಬು ಗಂಟಿಕ್ಕಿದ. "ಶೇಂಗಾ ಎಣ್ಣಿ ವಾಸನಿ ಬರಾಕತ್ತೈತಲ್ಲ."

ಗ್ಯಾರೇಜಿನ ಪಕ್ಕದಲ್ಲಿ ಮಿರ್ಚಿ ಅಂಗಡಿಯ ಬಾಣಲೆ ಕುದಿಯುತ್ತಿತ್ತು. ಇಬ್ಬರೂ ಆ ಕಡೆ ನೋಡಿ ಸಮಾಧಾನ ಪಟ್ಟುಕೊಂಡರು. ಭರಮಣ್ಣ ಎಂಜಿನ್ನಿನ ಸೀಲುಗಳನ್ನೆಲ್ಲ ಬದಲಿಸಿದ. ದೇವರ ವಿಷಯವನ್ನು ಗ್ಯಾರೇಜಿನಲ್ಲಿ ಎತ್ತುವುದು ಸರಿಯಲ್ಲವೆಂದು ಹುಲುಗಪ್ಪ ಎಣ್ಣೆಯ ಮಾತೆತ್ತಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಬಳ್ಳಾರಿ ರಸ್ತೆಯ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ಹಚ್ಚಿ ರೋಗ ಹೇಳುತ್ತಾರೆಂದು ಕೇಳಿ ಅಲ್ಲಿಗೂ ಒಯ್ದ. ಅಲ್ಲಿದ್ದಾತ ವೈರು ಹಿಡಿದು ಕಾರಿನ ಕೆಳಗೆ, ಸೀಟಿನ ಅಡಿ, ಡಿಕ್ಕಿಯಲ್ಲಿ ಎಲ್ಲ ಹುಡುಕಾಡಿ, "ಇದರ ಕಂಪ್ಯೂಟರು ಎಲ್ಲೈತ್ರಿ?" ಎಂದ.

"ಕಂಪ್ಯೂಟರು ಯಾಕ? ನಾನೇ ಇಲ್ಲಿ ನಿಂತೀನಲ್ಲ, ನನ್ನ ಕೇಳ್ರಿ" ಎಂದ ಹುಲುಗಪ್ಪ. ಅಷ್ಟು ಹಳೇ ಕಾರಿನಲ್ಲಿ ಕಂಪ್ಯೂಟರೇ ಇಲ್ಲವೆಂದು ತಿಳಿದು ಆತ ವೈರು ಸುತ್ತಿಟ್ಟ.

ಮರ್ಯಾದೆ ನಿಜವಾಗಿ ಹೋದದ್ದು ಒಂದು ಬುಧವಾರ, ಡ್ಯೂಟಿಗೆ ಹೋಗುವಾಗ. ಮಂಗಳವಾರದ ಎಣ್ಣೆ ಇನ್ನೂ ಹಸಿಯಾಗಿತ್ತು. ವೇ-ಬ್ರಿಡ್ಜಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹುಲುಗಪ್ಪ ಪಕ್ಕಕ್ಕೆ ತಿರುವಲು ಹೋದ, ಸ್ಟೇರಿಂಗ್ ಒಪ್ಪಲಿಲ್ಲ. ನಿಲ್ಲಿಸಲು ಹೋದ, ಬ್ರೇಕು ಒಪ್ಪಲಿಲ್ಲ. ಕಾರು ಸಾಲು ತಪ್ಪಿಸಿ ನುಗ್ಗಿ ಸೀದಾ ತೂಕದ ಹಲಗೆಯ ಮೇಲೆ ಹೋಗಿ, ಆಚೆ ಕಂಬಕ್ಕೆ ಮೂತಿ ತಾಗಿಸಿ ನಿಂತಿತು. ಒಳಗಿದ್ದ ರಾತ್ರಿ ಪಾಳಿಯ ಗುಮಾಸ್ತ ನಿದ್ದೆಗಣ್ಣಿನಲ್ಲಿ ಗುಂಡಿ ಒತ್ತಿದ. ಹುಲುಗಪ್ಪ ಸಮೇತ ಕಾರಿನ ತೂಕದ ಚೀಟಿ ಹೊರಗೆ ಬಂತು. ಲಾರಿ ಡ್ರೈವರುಗಳು ಕಿಟಕಿಯಿಂದ ಕಿವಿ ಹೊರಗೆ ಚಾಚಿ, ಕಣ್ಣು ಮುಚ್ಚಿ, ಒಬ್ಬರಾದ ಮೇಲೊಬ್ಬರು ರೋಗ ಹೇಳಿದರು. "ಡಾಕ್ಟ್ರೇ, ನಿಮ್ಮ ಕಾರಿಗೆ ಕೆಮ್ಮು ಐತಿ." "ಕೆಮ್ಮಲ್ಲೋ, ವಾಯು!" ಅವತ್ತಿನಿಂದ ಹುಲುಗಪ್ಪ ಲಾರಿಗಳ ಸದ್ದು ಕೇಳುವುದನ್ನು ಬಿಟ್ಟು, ತಲೆ ತಗ್ಗಿಸಿ ಚೀಟಿ ಕೊಟ್ಟು ಕಳಿಸತೊಡಗಿದ.

ಇಷ್ಟು ಅವಮಾನವನ್ನು ಯಾರ ತಲೆಗಾದರೂ ಕಟ್ಟಲೇಬೇಕು. ದೇವರ ತಲೆಗೆ ಕಟ್ಟಲಾಗದು, ತನ್ನ ತಲೆಗೆ ಕಟ್ಟಿಕೊಳ್ಳುವ ರೂಢಿಯಿಲ್ಲ. ಉಳಿದವನು ಬಾಮೈದ. ಮನೆಗೆ ಬಂದವನೇ ಕಂಪ್ಲಿಗೆ ಫೋನು ಹಚ್ಚಿದ.

"ಏನ್ಲೇ ಪಂಪೇಶಿ, ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟ ಗಾಡಿ ಕೊಟ್ಟಿಯಲ್ಲೋ!"

"ಹಂಗ ಅನಬ್ಯಾಡ್ರಿ ಮಾವ. ನನ್ನ ಕೈಯಾಗ ಇರೋತನ ಒಂದಿನಾನೂ ತಕರಾರು ಮಾಡಿಲ್ಲ ಅದು. ನೀವು ಓಡಿಸೋದ್ರಾಗ ಏನರೆ..."

"ನಾನು ಓಡಿಸೋದ್ರಾಗ? ನನಗ ಹೇಳ್ತೀಯೇನಲೇ?" ಫೋನು ಇಟ್ಟು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ನಿನ್ನ ತಮ್ಮ ನನ್ನ ಸಾಯಿಸಾಕಂತಾನ ಈ ಕಾರು ಕೊಟ್ಟಾನ. ನಿಮ್ಮ ಮನೆತನದ ಬುದ್ಧಿನ ಅಷ್ಟು!"

ವಿರುಪಮ್ಮ ಎದ್ದಳು. ಬ್ಯಾಗು ತಂದು ಸೀರೆಗಳನ್ನು ತುಂಬಿದಳು. ಹುಲುಗಪ್ಪ ಓಡಿ ಹೋಗಿ ಮಿರ್ಚಿ ತಂದ. ಅವಳು ಪೊಟ್ಟಣವನ್ನು ಕಿಟಕಿಯಲ್ಲಿಟ್ಟು, "ನೀವೇ ತಿನ್ರಿ. ಆಡಿದ ಮಾತು ನಮ್ಮೋರ ಮುಂದ ಬಂದು ವಾಪಸ್ ತಗಂಡ ದಿನ ಬರ್ತೀನಿ" ಎಂದು ಕಂಪ್ಲಿ ಬಸ್ಸು ಹತ್ತಿದಳು.

"ಕಾರು ಬಿಟ್ಟು ನಿಮ್ಮ ಮನಿಯವರನ್ನ ತವರಿಗೆ ಕಳಿಸಿದ್ರೇನು?" ಎಂದರು ರೇಣುಕಮ್ಮ ಟೀಚರ್.

ಮೊದಲೆರಡು ದಿನ ಹುಲುಗಪ್ಪ ಬಿಗಿಯಾಗಿಯೇ ಇದ್ದ. ಆಮೇಲೆ ಮನೆಯೊಳಗಿನ ಮೌನ ಅವನನ್ನು ತಿನ್ನತೊಡಗಿತು. ಇಡೀ ಜೀವಮಾನ ಯಾವ ಸದ್ದೂ ಬೇಡವೆಂದು ಒದ್ದಾಡಿದವನಿಗೆ ಈಗ ಸದ್ದೇ ಇರಲಿಲ್ಲ. ಅಡುಗೆಮನೆಯ ನಲ್ಲಿಯೊಂದೇ ತೊಟ್ಟಿಕ್ಕುತ್ತಿತ್ತು. ಅವಳು ಬಾರದೇ ಹೋದರೆ ಎಂಬ ಯೋಚನೆ ಬಂದು ಅವನಿಗೆ ನಿಜವಾಗಿ ಭಯವಾಯಿತು. ಆದರೆ ಹೋಗಿ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ. ಬದಲಾಗಿ ಪಂಪೇಶನಿಗೆ ಫೋನು ಮಾಡಿ, ಓಣಿಗೆಲ್ಲ ಕೇಳುವ ಹಾಗೆ ಪಂಥ ಕಟ್ಟಿದ. "ಕಾರು ತರ್ತೀನಿ. ಹಿರೇರ ಮುಂದ ಪರೀಕ್ಷಾ ಆಗಲಿ. ದೋಷ ಗಾಡೀದಾದ್ರ ನೀ ತಪ್ಪೊಪ್ಪಿಕೊಂಡು ಗಾಡಿ ಇಟ್ಕೊಬೇಕು, ನಿಮ್ಮಕ್ಕ ನನ್ನ ಜೋಡಿ ಬರಬೇಕು. ದೋಷ ನಂದಾದ್ರ ಕಂಪ್ಲಿಯಿಂದ ಹೊಸಪೇಟಿ ತನಕ ಗಾಡಿ ಹಿಂದ ನಡಕೊಂತ ಬರ್ತೀನಿ!"

ಪರೀಕ್ಷೆಗೆ ದಿನ ಗೊತ್ತಾಯಿತು. ಈ ನಡುವೆ ಒಂದು ವಿಚಿತ್ರ ನಡೆಯಿತು. ಹೆಂಡತಿಯ ಮೇಲಿನ ಮುನಿಸಿನ ಜೊತೆ ಹುಲುಗಪ್ಪ ದೇವರ ಮೇಲೂ ಮುನಿಸಿಕೊಂಡಿದ್ದ. ಮನೆಯಲ್ಲಿ ಎಣ್ಣೆಯೂ ಮುಗಿದಿತ್ತು. ಗುಡಿಗೂ ಹೋಗಲಿಲ್ಲ, ಬಾನೆಟ್ಟೂ ಎತ್ತಲಿಲ್ಲ. ಕಾರು ಬೆಳಿಗ್ಗೆ 'ಕುಂಯ್ಯ್' ಎಂದು ಅತ್ತು, ಆಮೇಲೆ ಇಡೀ ದಿನ ಮಗುವಿನಂತೆ ಹೇಳಿದ ಮಾತು ಕೇಳುತ್ತಿತ್ತು. ಹುಲುಗಪ್ಪ ಲೆಕ್ಕ ಹಾಕಿದ. ಕಾರು ಹೀಗೇ ಚೆನ್ನಾಗಿದ್ದರೆ ತಾನು ಸೋತಂತೆ. ಕಂಪ್ಲಿಗೆ ಹೊರಟ ದಿನ ಅವನು ದಾರಿಯುದ್ದಕ್ಕೂ ಸ್ಟಿಕ್ಕರನ್ನೇ ನೋಡುತ್ತ, "ಕೆಂಪಗಾಗಪ್ಪ, ಒಮ್ಮೆರ ಸಿಟ್ಟಾಗಪ್ಪ" ಎಂದು ಬೇಡಿಕೊಂಡ. ಬ್ರೇಕು ಹಿಡಿಯದಿರಲಿ ಎಂದು ಪ್ರಾರ್ಥಿಸುತ್ತ ಕಾರು ಓಡಿಸಿದವನು ಈ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ದೇವರು ಕೇಳಲಿಲ್ಲ. ಕಾರು ಪಂಪೇಶನ ಮನೆ ಮುಂದೆ ಗೆರೆ ಎಳೆದಂತೆ ನಿಂತಿತು.

ಅಂಗಳದಲ್ಲಿ ಚಾಪೆ ಹಾಸಿ ನೆಂಟರೆಲ್ಲ ಕೂತಿದ್ದರು. ನಡುವೆ ದುರ್ಗಕ್ಕ. ಈಕೆ ವಿರುಪಮ್ಮನ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಎಮ್ಮಿಗನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದ ಹೆಂಗಸು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಅವಳ ಪಿಸುಮಾತೂ ಪಕ್ಕದೂರಿಗೆ ಕೇಳುತ್ತಿತ್ತು. "ಕಣ್ಣು ತಾಗೈತಿ ಗಾಡಿಗೆ. ಬೇರೆ ಏನೂ ಇಲ್ಲ" ಎಂದು ಅವಳು ಕಾರು ನೋಡುವ ಮೊದಲೇ ತೀರ್ಮಾನಿಸಿದ್ದಳು. ವಿರುಪಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಬಡವಾಗಿದ್ದಾಳೆ ಅನ್ನಿಸಿತು ಹುಲುಗಪ್ಪನಿಗೆ. ನಿಜವಾಗಿ ಬಡವಾದವನು ಅವನೇ, ಹೋಟೆಲ್ ಊಟ ತಿಂದು.

ದುರ್ಗಕ್ಕ ಮುಂದಿನ ಸೀಟಿನಲ್ಲಿ, ಪಂಪೇಶ್ ಹಿಂದೆ ಕೂತರು. ಭತ್ತದ ಗದ್ದೆಗಳ ನಡುವೆ ಎಮ್ಮಿಗನೂರಿನವರೆಗೆ ಹೋಗಿ ಬಂದರು. ಹುಲುಗಪ್ಪ ಬೇಕೆಂದೇ ಎಮ್ಮೆಗಳ ಮುಂದೆ ಬ್ರೇಕು ಒತ್ತಿದ, ಕಾಲುವೆಯ ಏರಿಯ ಮೇಲೆ ಗಿರ್ರನೆ ತಿರುವಿದ. ಕಾರು ಸುತರಾಂ ಕೆಡಲಿಲ್ಲ.

"ಮಸ್ತ್ ಐತಲ್ರಿ ಮಾವ" ಎಂದ ಪಂಪೇಶ್, ಇಳಿದು ಅಂಗಿ ಸರಿಮಾಡಿಕೊಳ್ಳುತ್ತ. "ಚಪ್ಪಲಿ ಗಟ್ಟಿ ಅದಾವೇನು? ಹೊಸಪೇಟಿ ದೂರ."

ನೆಂಟರೆಲ್ಲ ನಕ್ಕರು. ಹುಲುಗಪ್ಪನ ಕಣ್ಣಲ್ಲಿ ನೀರೇ ಬಂತು. "ಅನ್ಯಾಯ ಇದು! ವಾರವಾರ ಎಣ್ಣಿ ಮಜ್ಜನ ಮಾಡಿಸಿ ದೇವ್ರನ್ನ ತಣ್ಣಗ ಮಾಡಾಕ ನಾನೆಷ್ಟು ಕಷ್ಟಪಟ್ಟೀನಿ ನನಗ ಗೊತ್ತು. ಆಗ ಸಿಟ್ಟಾಗಾಂವ, ಎಣ್ಣಿ ಬಿಟ್ಟ ಮ್ಯಾಲೆ ಸುಮ್ಮನದಾನ ಅಂದ್ರ ಇದರಾಗ ಏನೋ ಮಾಟ ಐತಿ!"

"ತಡೀರಿ, ತಡೀರಿ" ಎಂದಳು ವಿರುಪಮ್ಮ ಬಾಗಿಲಿಂದ ಹೊರಗೆ ಬಂದು. "ಯಾವ ಎಣ್ಣಿ? ನನ್ನ ಶೇಂಗಾ ಎಣ್ಣೀನಾ?"

"ಹೌದು. ದೇವರ ಕೆಲಸಕ್ಕ."

"ಎಲ್ಲಿ ಹಾಕ್ತೀಯೋ ಅದನ್ನ?" ಎಂದಳು ದುರ್ಗಕ್ಕ. "ಮಾಡಿ ತೋರಿಸು. ಇಲ್ಲೇ, ಎಲ್ಲಾರ ಮುಂದ."

ಪೂಜೆಯಲ್ಲಿ ತನ್ನ ಶ್ರದ್ಧೆ ಎಂಥದೆಂದು ಇವರಿಗೂ ತಿಳಿಯಲಿ ಎಂದು ಹುಲುಗಪ್ಪನಿಗೆ ಹುರುಪು ಬಂತು. ಪಂಪೇಶನ ಅಡುಗೆಮನೆಯಿಂದ ಎಣ್ಣೆಯ ಬಾಟಲಿ ತರಿಸಿದ. ಕಾರು ಶುರು ಮಾಡಿದ, ಬಾನೆಟ್ಟು ಎತ್ತಿದ, ಕಣ್ಣು ಮುಚ್ಚಿ "ಜೈ ಆಂಜನೇಯ" ಎಂದು ತಿರುಗುವ ಬೆಲ್ಟಿನ ಮೇಲೆ ಧಾರೆಯಾಗಿ ಸುರಿದ. ಬಾಟಲಿಯನ್ನು ದುರ್ಗಕ್ಕನ ಕೈಗೆ ಕೊಟ್ಟು ಕಾರಿನೊಳಗೆ ಹೋಗಿ ಕೂತ. ಆಂಜನೇಯ ನಿಧಾನವಾಗಿ ಕೆಂಪಗಾದ.

ಹುಲುಗಪ್ಪ ಸ್ಟೇರಿಂಗ್ ತಿರುವಿ ನೋಡಿದ. ಕಲ್ಲು! ಬ್ರೇಕು ತುಳಿದ, ಮತ್ತೆ ತುಳಿದ. ಗೋಡೆ!

"ಕೆಟ್ಟಿತು! ಕೆಟ್ಟಿತು ನೋಡ್ರಿ!" ಎಂದು ಕುಣಿಯುತ್ತ ಹೊರಗೆ ಬಂದ. "ನಾ ಹೇಳಲಿಲ್ಲಾ? ಗೆದ್ದೆ! ದೋಷ ಗಾಡೀದು! ವಿರುಪಾ, ಬ್ಯಾಗು ತಗಾ! ಪಂಪೇಶಿ, ತಪ್ಪಾತು ಅನ್ನು!"

ಎಲ್ಲರೂ ದುರ್ಗಕ್ಕನನ್ನು ನೋಡುತ್ತಿದ್ದರು. ದುರ್ಗಕ್ಕ ಒಂದು ಕೈಯಲ್ಲಿ ಎಣ್ಣೆ ಬಾಟಲಿ ಹಿಡಿದು, ಬಾನೆಟ್ಟಿನೊಳಗೆ ಬಗ್ಗಿ, ಚಕ್ರದ ಮೇಲೆ ಸುಮ್ಮನೆ ಜಾರುತ್ತ ನಿಂತ ಬೆಲ್ಟನ್ನೇ ನೋಡುತ್ತಿದ್ದಳು. ಅವಳ ಬಾಯಲ್ಲಿ ಮಾತು ನಿಂತದ್ದನ್ನು ಆ ಮನೆತನದವರು ಅದೇ ಮೊದಲು ಕಂಡದ್ದು.

"ಏ ಮೂಳಾ" ಎಂದಳು ಕೊನೆಗೆ. "ಬೆಲ್ಟಿಗೆ ಎಣ್ಣಿ ಹಾಕ್ತಾರೇನೋ? ಗಿರಣ್ಯಾಗ ಬೆಲ್ಟು ಜಾರಬಾರದು ಅಂತ ನಾವು ರಾಳ ಹಚ್ಚತಿದ್ವಿ. ನೀ ಜಾರ್ಲಿ ಅಂತ ಎಣ್ಣಿ ಹಾಕಿಯಲ್ಲೋ! ಆ ಬೆಲ್ಟು ತಿರುಗಿದ್ರ ಸ್ಟೇರಿಂಗಿಗೂ ಶಕ್ತಿ, ಬ್ರೇಕಿಗೂ ಶಕ್ತಿ. ಅದು ಜಾರಿದ್ರ ಎರಡೂ ಸತ್ತಂಗ. ಎಣ್ಣಿ ಸುಟ್ಟು ಒಣಗಿದ ಮ್ಯಾಲೆ ಮತ್ತ ಹಿಡೀತೈತಿ. ನೀ ಮತ್ತ ಎಣ್ಣಿ ಹಾಕ್ತೀ!"

"ಕಣ್ಣು ತಾಗೈತಿ ಅಂದಿದ್ಯಲ್ಲ ದೊಡ್ಡವ್ವ" ಎಂದ ಪಂಪೇಶ್.

"ಹೌದು. ಇವನ ಕಣ್ಣು."

ಹುಲುಗಪ್ಪ ಕೊನೆಯ ಹುಲ್ಲುಕಡ್ಡಿಗೆ ಕೈ ಚಾಚಿದ. "ಮತ್ತ ದೇವ್ರು ಕೆಂಪಗಾಗಿದ್ದು?"

ಪಂಪೇಶ್ ಕಾರಿನೊಳಗೆ ಬಗ್ಗಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಸ್ಟಿಕ್ಕರನ್ನು ಮೆಲ್ಲಗೆ ಬಿಡಿಸಿದ. ಕೆಳಗೆ ಬ್ಯಾಟರಿಯ ಚಿತ್ರವಿದ್ದ ಕೆಂಪು ದೀಪ ಉರಿಯುತ್ತಿತ್ತು. "ಬೆಲ್ಟು ಜಾರಿದ್ರ ಇದು ಹತ್ತತೈತಿ ಮಾವ. ಏನೋ ಕೆಟ್ಟೈತಿ ಅಂತ ಹೇಳಾಕ ಇಟ್ಟಿದ್ದು ಇದು. ನೀವು ಅದರ ಬಾಯಿ ಮ್ಯಾಲೆ ಆಂಜನೇಯನ್ನ ಕುಂದ್ರಿಸಿದ್ರಿ."

ಅಂಗಳವೇ ನಗತೊಡಗಿತು. ಹಿರಿಯರೊಬ್ಬರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಬೆಲ್ಟನ್ನು ಬಿಚ್ಚಿ ಸೋಪಿನಿಂದ ತಿಕ್ಕಿದರು, ತೌಡಿನಲ್ಲಿ ಉಜ್ಜಿದರು, ಮತ್ತೆ ಬಿಗಿಯಾಗಿ ಹಾಕಿದರು. ಅದು ಮೊದಲಿಂದ ಅಳುತ್ತಿದ್ದದ್ದೇ ಸವೆದಿದ್ದಕ್ಕೆ, ಹೊಸದನ್ನು ಹೊಸಪೇಟೆಯಲ್ಲಿ ಹಾಕಿಸುವುದೆಂದಾಯಿತು. ಹುಲುಗಪ್ಪ ಪಂಪೇಶನ ಮುಂದೆ ನಿಂತು, ನೆಲ ನೋಡುತ್ತ, "ತಪ್ಪಾತಪ್ಪ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಮನೆತನದ ಮಾತು ವಾಪಸ್ ತಗಂಡೀನಿ. ನಿಮ್ಮದು ದೊಡ್ಡ ಮನೆತನ" ಎಂದ. ವಿರುಪಮ್ಮ ಬ್ಯಾಗು ತಂದಳು.

ಪಂಥದಲ್ಲಿ ಆಡಿದ ಮಾತು ಉಳಿದಿತ್ತು. ಪಂಪೇಶ್ ಸ್ಟೇರಿಂಗ್ ಹಿಡಿದ, ವಿರುಪಮ್ಮ ಹಿಂದೆ ಕೂತಳು, ಕಾರು ಎತ್ತಿನಬಂಡಿಯ ನಡಿಗೆಯಲ್ಲಿ ಹೊರಟಿತು. ಹುಲುಗಪ್ಪ ಹಿಂದಿನಿಂದ ನಡೆದ. ಭತ್ತ ನಾಟಿ ಮಾಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಬಸ್ಸಿನವರು ನಿಧಾನ ಮಾಡಿ, "ಕಾರು ಓಡಿಹೋಗತೈತಂತ ಕಾಯಾಕತ್ತಾನೇನ್ರಿ?" ಎಂದು ಕೇಳಿ ಹೋದರು. ಮೊದಲ ಊರು ದಾಟುವಷ್ಟರಲ್ಲಿ ಅವನ ಚಪ್ಪಲಿಯ ಉಂಗುಷ್ಟ ಕಿತ್ತಿತು. ಅದನ್ನು ಕೈಯಲ್ಲಿ ಹಿಡಿದು ಕುಂಟುತ್ತ ಬರತೊಡಗಿದ.

ಕಾರು ನಿಂತಿತು. ವಿರುಪಮ್ಮ ಬಾಗಿಲು ತೆರೆದಳು. "ಹತ್ರಿ. ಸಾಕು."

"ಮಾತು ಅಂದ್ರ ಮಾತು."

"ಹತ್ರಿ ಅಂದೆ."

ಹುಲುಗಪ್ಪ ಹತ್ತಿ ಅವಳ ಪಕ್ಕದಲ್ಲಿ ಮುದುಡಿ ಕೂತ. ಎಣ್ಣೆ ತೊಳೆದ ಬೆಲ್ಟು ಬಾನೆಟ್ಟಿನೊಳಗೆ ಮೊದಲಿನಂತೆಯೇ 'ಕುಂಯ್ಯ್' ಎಂದು ಅಳತೊಡಗಿತು. ರೂಢಿಯಂತೆ ಅವನ ಕೈ ಬಾಟಲಿ ಹುಡುಕಿತು.

"ಅಳ್ಲಿ ಬಿಡ್ರಿ ಅದು" ಎಂದಳು ವಿರುಪಮ್ಮ. "ಯಾಕ ಅಳಾಕತ್ತೈತಿ ಅಂತ ಒಮ್ಮೆರ ಕೇಳಿದ್ರೇನು ನೀವು? ಅದನ್ನೂ ಕೇಳಲಿಲ್ಲ, ನನ್ನೂ ಕೇಳಲಿಲ್ಲ. ಆ ನಲ್ಲಿ ಯಾವಾಗಿಂದ ಸೋರಾಕತ್ತೈತಿ ಗೊತ್ತೈತೇನು?"

ರಸ್ತೆ ಬದಿಯಲ್ಲಿ ಮಿರ್ಚಿ ಅಂಗಡಿಯೊಂದು ಬಂತು. ಬಾಣಲೆಯಿಂದ ಹೊಗೆ ಏಳುತ್ತಿತ್ತು. "ವಿರುಪಾ, ಎರಡು ಮಿರ್ಚಿ..." ಎಂದು ಹುಲುಗಪ್ಪ ಬಾಯಿ ತೆರೆದ. ಅವಳು ತಿರುಗಿ ನೋಡಿದಳು. ಅವನು ಬಾಯಿ ಮುಚ್ಚಿದ. ಪಂಪೇಶ್ ಅಂಗಡಿಯ ಮುಂದೆ ಕಾರು ನಿಧಾನ ಕೂಡ ಮಾಡಲಿಲ್ಲ.

ವಿರುಪಮ್ಮ ನಲ್ಲಿಯಿಂದ ಶುರು ಮಾಡಿ ಮದುವೆಯಾದ ವರ್ಷದವರೆಗೆ ಹಿಂದಕ್ಕೆ ಹೋದಳು. ಹೊಸಪೇಟೆ ಬರುವವರೆಗೆ ಬೆಲ್ಟೂ ನಿಲ್ಲಿಸಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಸ್ಟೇರಿಂಗ್ ಮಾತ್ರ ಹೂವಿನಂತೆ ತಿರುಗುತ್ತಿತ್ತು, ಬ್ರೇಕು ಮುಟ್ಟಿದಲ್ಲಿ ಹಿಡಿಯುತ್ತಿತ್ತು. ಹುಲುಗಪ್ಪ ಕಿತ್ತ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರನ್ನೂ ಕೇಳುತ್ತ ಕೂತ.